ಸ್ವಲ್ಪ ಆಕಡಿ ಸರೀರಿ

ಕಳೆದ ವಾರ ನಮ್ಮ ಕಾಲೇಜಿನ ಇಬ್ಬರು ಹುಡುಗಿಯರು ಸ್ಟಾಫ್ ರೂಮಿಗೆ ಬಂದರು. "ಮೇಡಂ, ಭಾನುವಾರ ಒಂದಽ ದಿನ ಐತ್ರಿ. ಫೋಟೊ ತೆಗಿಯಾಕ ಸುತ್ತಮುತ್ತ ಯಾವ್ಯಾವ ಹಳೇ ಜಾಗಕ್ಕ ಹೋಗಬೇಕ್ರಿ? ಒಂದು ಲಿಸ್ಟ್ ಕೊಡ್ರಿ" ಎಂದರು. ನಾನು ಭೂಗೋಳ ಕಲಿಸುವವಳು. ಪಟ್ಟಿ ಮಾಡುವುದು ನನ್ನ ಹುಟ್ಟುಗುಣ. ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು.

"ಅಲ್ಲಿ ಈಗ ಯಾರು ಅದಾರ?"

ಹುಡುಗಿಯರು ಮುಖಮುಖ ನೋಡಿಕೊಂಡರು. ಅದು ನನ್ನ ಮಾತಲ್ಲ. ಆ ಮಾತಿನ ಯಜಮಾನರು ತೀರಿಕೊಂಡು ಅವತ್ತಿಗೆ ಒಂದು ತಿಂಗಳಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಹೊಸಪೇಟೆಯ ಆ ಸಣ್ಣ ಸ್ಟುಡಿಯೋದ ಕಾಲು ಅಲ್ಲಾಡುವ ಸ್ಟೂಲಿನ ಮೇಲೆ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಿಕೊಂಡವರಿಗೆ ಯಾರೆಂದು ಹೇಗೂ ಗೊತ್ತಾಗುತ್ತದೆ. "ನಗಬ್ಯಾಡ್ರಿ, ನಕ್ರ ಸರ್ಕಾರದೋರು ನಂಬಂಗಿಲ್ಲ" ಎಂದು ಹೇಳಿ, ಆ ಮಾತಿಗೇ ಎದುರಿನವರನ್ನು ನಗಿಸಿ, ನಗು ಇಳಿಯುವ ಆ ಅರೆಕ್ಷಣದಲ್ಲಿ ಕ್ಲಿಕ್ ಮಾಡುತ್ತಿದ್ದರು. ನನ್ನ ಆಧಾರ್ ಕಾರ್ಡಿನಲ್ಲಿ ನಾನು ಮನುಷ್ಯಳಂತೆ ಕಾಣುವುದಿಲ್ಲ. ಅವರು ತೆಗೆದ ಅಷ್ಟಗಲದ ಫೋಟೊಗಳಲ್ಲಿ ಮಾತ್ರ ಕಾಣುತ್ತೇನೆ.

ಪರಿಚಯವಾದದ್ದು ಇಪ್ಪತ್ತು ವರ್ಷಕ್ಕೂ ಹಿಂದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಮ್ಮಸ್ಸಿನಲ್ಲಿ ಒಂದು ಕ್ಯಾಮೆರಾ ಕೊಂಡು, ಮೊದಲ ರೀಲನ್ನೇ ಅದರೊಳಗೆ ಸಿಕ್ಕಿಸಿಕೊಂಡು ಅವರ ಅಂಗಡಿಗೆ ಓಡಿದ್ದೆ. ಅವರು ಕ್ಯಾಮೆರಾವನ್ನು ಬೆಳಕು ತೂರದ ಕಪ್ಪು ಬಟ್ಟೆಯ ಚೀಲದೊಳಗೆ ಇಟ್ಟು, ಎರಡೂ ಕೈ ತೂರಿಸಿ, ಕಣ್ಣನ್ನು ಸೂರಿನ ಕಡೆ ನೆಟ್ಟು, ಹಳೇ ಸೂಲಗಿತ್ತಿಯ ಹಾಗೆ ಬೆರಳಲ್ಲೇ ಎಲ್ಲವನ್ನೂ ನೋಡಿದರು. ರೀಲು ಬಿಡಿಸಿ ಹೊಸದನ್ನು ಹಾಕಿಕೊಟ್ಟು ಒಂದು ಪಾಠವನ್ನೂ ಹೇಳಿದರು. "ರೀಲು ಹಾಕಿದ ಮ್ಯಾಲ ಎರಡು ಸಲ ಸುಮ್ಮನ ಒತ್ತಿಬಿಡಬೇಕ್ರಿ ಮೇಡಮ್ಮಾರ. ಮುಂದ ಏನೈತಿ, ಏನಿಲ್ಲ, ನೋಡಬಾರದು. ಆ ತುದಿಗೆ ಬೆಳಕು ಬಡಿದಿರ್ತೈತಿ, ಅದು ಕೆಟ್ಟದ್ದಽ. ಅವೆರಡು ದೇವರಿಗೆ. ಮೂರನೇದು ನಿಮ್ಮದು."

ಮದುವೆ ಫೋಟೊ ತೆಗೆಯುವವರಿಗೆ ಭಾನುವಾರ ರಜೆಯಿಲ್ಲ, ಹಬ್ಬಕ್ಕೆ ರಜೆಯಿಲ್ಲ. ರಜೆ ಎಂದರೆ ಅಮಾವಾಸ್ಯೆ. ಅವತ್ತು ಯಾರೂ ಮದುವೆಯಾಗುವುದಿಲ್ಲ, ಯಾರೂ ಗೃಹಪ್ರವೇಶ ಮಾಡುವುದಿಲ್ಲ. ಹಾಗಾಗಿ ಅಂಗಡಿಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಕಪ್ಪು ಚುಕ್ಕೆಗೆ ಅವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದು ಊರಿನ ಹೆಸರು ಬರೆಯುತ್ತಿದ್ದರು. ಬೆಳಗ್ಗೆ ಕ್ಯಾಮೆರಾಕ್ಕೆ ಪೂಜೆ, ಅಂಗಡಿ ಮುಂದೆ ತೆಂಗಿನಕಾಯಿ, ಆಮೇಲೆ ಬುತ್ತಿ ಕಟ್ಟಿಕೊಂಡು ಗಂಡ ಹೆಂಡತಿ ಬಸ್ ಸ್ಟ್ಯಾಂಡಿಗೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. "ಅಮಾಸಿ ದಿನ ಊರು ಬಿಡಬ್ಯಾಡ ಅಂತಾರ ಮಂದಿ. ನಮ್ಮನಿಯವರಿಗೆ ಅವತ್ತಽ ಕಾಲು ನಿಲ್ಲಂಗಿಲ್ಲ" ಎಂದು ಅಕ್ಕ ಬೈಯುತ್ತಲೇ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟುತ್ತಿದ್ದರು. ಆ ಸಾಲಿಗೆ ನಾನೂ ಸೇರಿಕೊಂಡೆ. ತಿಂಗಳು ತಿಂಗಳೂ ಸರಿಯಾಗಿ ಅಮಾವಾಸ್ಯೆಗೇ ರಜೆ ಹಾಕುವುದನ್ನು ಕಂಡು, ನನಗೆ ಏನೋ ಮೆಟ್ಟಿಕೊಂಡಿದೆ ಎಂದು ಸ್ಟಾಫ್ ರೂಮಿನಲ್ಲಿ ಸುದ್ದಿಯಾಗಿತ್ತು. ನಾನೂ ಅಲ್ಲಗಳೆಯಲಿಲ್ಲ. ಪರೀಕ್ಷಾ ಡ್ಯೂಟಿ ತಪ್ಪಿಸಿಕೊಳ್ಳಲು ಅದರಿಂದ ಅನುಕೂಲವೇ ಆಯಿತು.

ಮೊದಲ ಪ್ರಯಾಣಕ್ಕೆ ನಾನು ಪಟ್ಟಿ ತಯಾರಿಸಿದ್ದೆ. ಒಂದು ದಿನ, ಒಂಬತ್ತು ಜಾಗ, ಗಂಟೆ ನಿಮಿಷದ ಸಮೇತ. ಅನಂತಶಯನಗುಡಿಯಿಂದ ಶುರುವಾಗಿ ಕಮಲಾಪುರದ ಕೆರೆಯಲ್ಲಿ ಮುಗಿಯುತ್ತಿತ್ತು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. "ಭಾಳ ಚೊಲೋ ಐತಿ" ಎಂದು ಹೇಳಿ ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಸ್ಟೂಲಿನ ಕಾಲಿನ ಕೆಳಗೆ ಇಟ್ಟರು. "ಒಂಬತ್ತು ಮನಿಗೆ ಊಟಕ್ಕ ಹೋದೋನು ಹಸಕೊಂಡಽ ಬರ್ತಾನ್ರಿ. ಒಂದು ದಿನಕ್ಕ ಒಂದಽ ಜಾಗ."

ಆ ಒಂದನ್ನು ಆರಿಸುವುದೇ ಒಂದು ವಾರದ ಕೆಲಸ. ಆಗಿನ ಕಾಲದಲ್ಲಿ ಅವರ ಪ್ರಶ್ನೆ ಒಂದೇ: "ಅಲ್ಲಿ ಬೆಳಕು ಯಾವ ಕಡಿಯಿಂದ ಬರ್ತೈತಿ?" ಯಾವ ತಿಂಗಳಲ್ಲಿ ಯಾವ ಗುಡಿಯ ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬಿಸಿಲು ತಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಊರಿಗೆ ಇಳಿದ ಮೇಲೆ ಕ್ಯಾಮೆರಾ ಹೊರಗೆ ತೆಗೆಯದೆ ಅರ್ಧ ಗಂಟೆ ಕೂತಿರುತ್ತಿದ್ದರು. ನನಗೆ ಕೈ ಕಡಿಯುತ್ತಿತ್ತು. "ಜಲ್ದಿ ಮಾಡಬ್ಯಾಡ್ರಿ. ಕಲ್ಲು ಎಲ್ಲಿಗೂ ಹೋಗಂಗಿಲ್ಲ" ಎನ್ನುತ್ತಿದ್ದರು. ಕಲ್ಲಿನ ವಿಷಯದಲ್ಲಿ ಆ ಮಾತು ನಿಜವೇ ಆಗಿತ್ತು.

ಒಮ್ಮೆ ಸಂಡೂರಿಗೆ ಹೋಗಿದ್ದೆವು. ಹರಿಶಂಕರ ತೀರ್ಥದಲ್ಲಿ ನೀರು ಹಿಡಿಯುವ ಜನ, ಹಸಿರು ಗುಡ್ಡ, ಎಲ್ಲ ಸೇರಿ ಒಂದು ರೀಲು ಮುಗಿಯಿತು. ತೊಳೆಸಿ ನೋಡಿದರೆ ಪ್ರತಿ ಫೋಟೊದ ನಡುವೆಯೂ ತೆಳುವಾದ ಕೆಂಪು ಮಬ್ಬು. "ಗಣಿ ಧೂಳ್ರಿ" ಎಂದು ತೀರ್ಪು ಕೊಟ್ಟರು. ಯಶವಂತನಗರದ ಕಡೆಯ ಲಾರಿಗಳು, ಅವು ಎಬ್ಬಿಸುವ ಕೆಮ್ಮಣ್ಣು, ಹಾಳಾದ ಮರಗಿಡ, ಎಲ್ಲದರ ಮೇಲೂ ಹದಿನೈದು ದಿನ ಅಂಗಡಿಗೆ ಬಂದವರಿಗೆಲ್ಲ ಭಾಷಣವಾಯಿತು. ಮುಂದಿನ ಅಮಾವಾಸ್ಯೆ ಪೂಜೆಯ ಹೊತ್ತಿಗೆ ನಾನು ಅಲ್ಲೇ ಇದ್ದೆ. ಅಕ್ಕ ಭಕ್ತಿಯಿಂದ ಕಣ್ಣು ಮುಚ್ಚಿ, ಉಂಗುರ ಬೆರಳನ್ನು ಕುಂಕುಮದಲ್ಲಿ ಅದ್ದಿ, ಲೆನ್ಸಿನ ಗಾಜಿನ ನಟ್ಟನಡುವೆ ಬೊಟ್ಟಿಟ್ಟರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಮೆತ್ತಗೆ ಒರೆಸಿ, "ಪಾಪ, ಲಾರಿಯೋರಿಗೆ ಸುಮ್ಮನ ಬೈದ್ನಿ" ಎಂದರು.

ಹೀಗೆ ಹೇಳುತ್ತ ಹೋದರೆ ಅವರೊಬ್ಬ ಸಾಧು ಎನ್ನಿಸೀತು. ಅವರಲ್ಲೊಂದು ಹಟವಿತ್ತು, ಅದನ್ನೂ ಹೇಳಬೇಕು. ಫೋಟೊ 'ಸ್ವಚ್ಛ' ಇರಬೇಕು. ಗುಡಿ ಎಂದರೆ ಗುಡಿ, ಕಂಬ ಎಂದರೆ ಕಂಬ. ನಡುವೆ ಪ್ಲಾಸ್ಟಿಕ್ ಕೊಡ, ಸೈಕಲ್ಲು, ಒಣಹಾಕಿದ ಸೀರೆ, ಮನುಷ್ಯರು, ಯಾವುದೂ ಕೂಡದು. ಅದಕ್ಕೊಂದು ಮಂತ್ರವಿತ್ತು. ಎಡಗೈಯನ್ನು ನೊಣ ಓಡಿಸುವ ಹಾಗೆ ಆಡಿಸುತ್ತ, ಬಹಳ ಮರ್ಯಾದೆಯಿಂದಲೇ, "ಸ್ವಲ್ಪ ಆಕಡಿ ಸರೀರಿ" ಎನ್ನುತ್ತಿದ್ದರು. ಆ ಮರ್ಯಾದೆಗೆ ಜನ ಸರಿದೇ ಸರಿಯುತ್ತಿದ್ದರು.

ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ಆಗ ಸಂಸಾರಗಳಿದ್ದವು. ಕಲ್ಲುಕಂಬಗಳ ನಡುವೆ ಗೋಡೆ ಕಟ್ಟಿಕೊಂಡು, ತಾಡಪಾಲು ಇಳಿಬಿಟ್ಟುಕೊಂಡು, ಮುಂದೆ ಚಹಾ, ಹೂವು, ಎಳನೀರು ಮಾರುತ್ತ ಜನ ಬದುಕಿದ್ದರು. ಒಂದು ಅಮಾವಾಸ್ಯೆ ಅಲ್ಲಿಗೆ ಹೋದೆವು. ಅವರು ಆರಿಸಿದ ಮಂಟಪದಲ್ಲಿ ಚಹಾ ಮಾರುವ ಒಬ್ಬಾಕೆ ಅತ್ತೆಯೊಂದಿಗೆ ಇದ್ದಳು. ಇಳಿಬಿಸಿಲು ಕಂಬದ ಕೆತ್ತನೆಗೆ ಬೀಳಲು ಕಾಲು ಗಂಟೆಯಷ್ಟೇ ಇತ್ತು. ಎಡಗೈ ಆಡಿತು, ಮಂತ್ರ ಬಂತು. ಆಕೆ ಉರಿಯುವ ಸ್ಟೋವನ್ನು ಆರಿಸಿ ಎತ್ತಿಕೊಂಡಳು. ಮುದುಕಿ ಹಾಸಿಗೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ನಾನೇನು ಕಡಿಮೆಯವಳಲ್ಲ. ಹಗ್ಗದ ಮೇಲಿನ ಹಸಿಬಟ್ಟೆಗಳನ್ನು ನಾನೇ ಕೈಯಾರೆ ಎಳೆದು ತೆಗೆದೆ. ಫೋಟೊ ಬಹಳ ಚೆನ್ನಾಗಿ ಬಂತು. ದೊಡ್ಡದು ಮಾಡಿಸಿ ಅಂಗಡಿಯ ಗೋಡೆಗೆ ಹಾಕಿದರು. ಬಂದವರೆಲ್ಲ, ಅರಸರ ಕಾಲದಲ್ಲೇ ನಿಂತು ತೆಗೆದಂತಿದೆ ಎಂದು ಹೊಗಳಿದರು.

ಕೆಲವು ವರ್ಷಗಳ ಮೇಲೆ ಆ ಮಂಟಪಗಳ ಮನೆ, ಅಂಗಡಿ ಎಲ್ಲ ಸರ್ಕಾರದ ಆದೇಶದಿಂದ ತೆರವಾದವು. ಅದು ಸರಿಯೋ ತಪ್ಪೋ ಎಂಬುದಕ್ಕೆ ನಮ್ಮ ಕಡೆ ಇಂದಿಗೂ ಎರಡು ಮಾತಿದೆ, ನಾನಿಲ್ಲಿ ಅದರ ಪಂಚಾಯ್ತಿಗೆ ಕೂತಿಲ್ಲ. ಅದಾಗಿ ಇನ್ನೂ ಕೆಲವು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹೆಂಗಸು ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಗೋಡೆಯ ಮೇಲಿನ ದೊಡ್ಡ ಫೋಟೊದ ಎದುರು ನಿಂತು ಬಹಳ ಹೊತ್ತು ನೋಡಿದಳು. ಚಹಾದಾಕೆ ಎಂದು ನನಗೆ ಆಗ ಗುರುತು ಸಿಕ್ಕಿತು.

"ಸರಾ, ನಮ್ಮ ಮನೀದೊಂದು ಫೋಟೊ ಬೇಕಾಗಿತ್ರಿ" ಎಂದಳು. "ಮೊಮ್ಮಗಳು ನಂಬವಲ್ಲಳ್ರಿ. ಗುಡಿ ಕಂಬದಾಗ ಮನಿ ಹೆಂಗಿರ್ತೈತಿ ಅಜ್ಜಿ, ಸುಳ್ಳು ಹೇಳ್ತಿ ಅಂತಾಳ. ನಮ್ಮತ್ತಿನೂ ತೀರಿಕೊಂಡ್ಲು. ಹೇಳಾಕ ಇನ್ನೊಬ್ರು ಇಲ್ರಿ."

"ಅಷ್ಟಽ ಏನವ್ವ? ನಿಮ್ಮ ಮಂಟಪದ್ದು ನನ್ನ ಹತ್ರ ಡಬ್ಬಿಗಟ್ಟಲೆ ಅದಾವ. ಕುಂದ್ರು" ಎಂದು ಅವರು ಖುಷಿಯಿಂದಲೇ ಎದ್ದರು. ಡಬ್ಬಿಗಳು ಬಂದವು. ಹಲವು ಸಲ ಹೋಗಿ ತೆಗೆದಿದ್ದ ಕಟ್ಟು ಕಟ್ಟು ಫೋಟೊಗಳನ್ನು ಮೇಜಿನ ಮೇಲೆ ಹರಡಿದರು. ಮುಂಜಾನೆಯ ಕಂಬ, ಇಳಿಹೊತ್ತಿನ ಕಂಬ, ಮಳೆಯಲ್ಲಿ ನೆನೆದ ಕಂಬ. ಆಕೆ ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟಳು. ಕೊನೆಗೆ ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇಲ್ಲಿ ನಮ್ಮ ಒಲಿ ಇತ್ರಿ. ಇಲ್ಲಿ ಅತ್ತಿ ಮಲಗ್ತಿದ್ಲು. ನೀವಽ ಸರೀರಿ ಅಂದಿದ್ರಲ್ರಿ, ಅದಕ್ಕ ಕಾಣವಲ್ದು."

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಚಹಾ ತರಿಸಿದೆವು, ಕುಡಿದಳು. "ಇರಲಿ ಬಿಡ್ರಿ" ಎಂದು ಎದ್ದಳು. ಅವರು ಬಾಗಿಲ ತನಕ ಹಿಂದೆ ಹೋಗಿ, "ಹುಡುಕಿ ಕೊಡ್ತೀನವ್ವ. ನಿನ್ನ ಮನಿ ನಿನಗ ಕೊಡ್ತೀನಿ" ಎಂದರು. ನನಗೆ ಆಕೆಯ ಮುಖ ನೋಡುವ ಧೈರ್ಯ ಆಗಲಿಲ್ಲ. ಹಸಿಬಟ್ಟೆ ಎಳೆದ ಕೈ ಯಾವುದೆಂದು ನನಗೆ ಗೊತ್ತಿತ್ತು.

ಮರುದಿನ ಬಂದಾಗ ಗೋಡೆಯ ಮೇಲೆ ಆ ದೊಡ್ಡ ಫೋಟೊ ಇರಲಿಲ್ಲ, ಮೊಳೆ ಮಾತ್ರ ಇತ್ತು. ಅಂದಿನಿಂದ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವರು ನೆಗೆಟಿವ್ ಪಟ್ಟಿಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದು, ಭೂತಗನ್ನಡಿಯಲ್ಲಿ ಹುಡುಕುತ್ತ ಕೂತರು. ಯಾರಾದರೂ ತಪ್ಪಿ ಚೌಕಟ್ಟಿನೊಳಗೆ ಬಂದಿದ್ದ ಫೋಟೊಗಳು ಇರಲೇಬೇಕಲ್ಲ? ಇದ್ದವು. ಆದರೆ ಅಂಥವನ್ನು ಅವರೇ ಕೆಟ್ಟವೆಂದು ಕತ್ತರಿಸಿ ಬಿಸಾಡಿದ್ದರು. "ಶುದ್ಧ ಕೆಲಸಗಾರ ನೋಡ್ರಿ ನಾನು" ಎಂದು ಒಂದು ದಿನ ನಕ್ಕರು. ಅಷ್ಟು ಕೆಟ್ಟ ನಗುವನ್ನು ಅವರ ಮುಖದಲ್ಲಿ ನಾನು ಮತ್ತೆಂದೂ ನೋಡಲಿಲ್ಲ. ಕಣ್ಣಿಗೆ ನೀರು ಬರುತ್ತದೆ, ಪೊರೆ ಬೇರೆ ಬಂದಿದೆ, ಬಿಟ್ಟುಬಿಡಿ ಎಂದು ಅಕ್ಕ ಜಗಳವಾಡಿದರು. "ಮನಿ ಕಳಕೊಂಡಾಕಿಗೆ ಮಾತು ಕೊಟ್ಟೀನಲೇ" ಎಂದರೇ ಹೊರತು ಬಿಡಲಿಲ್ಲ.

ಅಮಾವಾಸ್ಯೆಯ ತಿರುಗಾಟ ನಿಲ್ಲಲಿಲ್ಲ, ಆದರೆ ಜಾಗ ಆರಿಸುವ ಬಗೆ ಬದಲಾಯಿತು. ಬೆಳಕಿನ ಮಾತು ಹಿಂದೆ ಬಿತ್ತು. ನಾನು ಯಾವ ಊರಿನ ಹೆಸರು ಹೇಳಿದರೂ, "ಅಲ್ಲಿ ಈಗ ಯಾರು ಅದಾರ?" ಎಂದು ಕೇಳತೊಡಗಿದರು. ಯಾರೂ ಇಲ್ಲ, ಬರೀ ಗುಡಿ ಇದೆ ಎಂದರೆ, "ಹಂಗಾರ ಅದು ಇನ್ನೂ ನೂರು ವರ್ಷ ಇರ್ತೈತಿ ಬಿಡ್ರಿ, ಅವಸರ ಇಲ್ಲ" ಎಂದು ಆ ಹೆಸರನ್ನು ಬದಿಗೆ ಸರಿಸುತ್ತಿದ್ದರು. ಮರಿಯಮ್ಮನಹಳ್ಳಿಯ ಕಡೆ ಒಂದು ಮುರುಕು ಮಂಟಪಕ್ಕೆ ಕರೆದೊಯ್ದರು. ಅದರಲ್ಲಿ ನೋಡಲು ಕೆತ್ತನೆಯೇ ಇರಲಿಲ್ಲ, ಕುರಿ ಕಾಯುವವರು ಮಧ್ಯಾಹ್ನ ಅಲ್ಲಿ ಮಲಗುತ್ತಿದ್ದರು, ಅಷ್ಟೇ. ಆ ಕುರಿ ಕಾಯುವವರು ಗೊರಕೆ ಹೊಡೆಯುವುದನ್ನೇ ಇವರು ಒಂದು ತಾಸು ತೆಗೆದರು.

ಕಂಪ್ಲಿಗೆ ಹೋದ ದಿನ ಮಾತ್ರ ನನಗೆ ಬೈಸಿಕೊಳ್ಳುವ ಯೋಗವಿತ್ತು. ಕೋಟೆಯ ಒಳಗೆ ಮನೆಗಳಿವೆ, ಬಾಗಿಲ ಹತ್ತಿರವೇ ಒಬ್ಬ ಮುದುಕ ಎಮ್ಮೆ ಕಟ್ಟಿಕೊಂಡು ಹಗ್ಗದ ಹೊರಸಿನ ಮೇಲೆ ಕೂತಿದ್ದ. ಹಿಂದಿನ ಕಲ್ಲುಗೋಡೆ ಚೆನ್ನಾಗಿತ್ತು. ಹಳೇ ಚಾಳಿ ನನ್ನ ನಾಲಗೆಯಲ್ಲೇ ಉಳಿದಿತ್ತು. "ತಾತಾ, ಸ್ವಲ್ಪ ಆಕಡೆ ಸರಿಯುತ್ತೀರಾ?" ಎಂದೆ.

"ಸರೀಬ್ಯಾಡ್ರಿ!" ಎಂದು ಹಿಂದಿನಿಂದ ಅಬ್ಬರಿಸಿದರು. ಎಮ್ಮೆಯೂ ಬೆಚ್ಚಿತು. ಅರ್ಧ ಎದ್ದಿದ್ದ ಮುದುಕನನ್ನು ಭುಜ ಹಿಡಿದು ಅವರೇ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದರು. "ಮೇಡಮ್ಮಾರ, ಅವರು ಇರೋರು. ಬಂದೋರು ನಾವು. ಸರಿಯೋದಿದ್ರ ನಾವು ಸರಿಯೋಣು."

ಬಸ್ಸಿನಲ್ಲಿ ಹೊಸಪೇಟೆ ಬರುವ ತನಕ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಸಿಟ್ಟು ಬಂದಿತ್ತು, ಅವರ ಮೇಲಲ್ಲ. ಇಳಿಯುವಾಗ ಅಕ್ಕ ಒಂದು ಬಾಳೆಹಣ್ಣು ಕೈಗಿಟ್ಟು, "ನಿನಗ ಬೈದಿದ್ದಲ್ಲವಾ ಅದು" ಎಂದರು. ಅದು ನನಗೂ ತಿಳಿದಿತ್ತು.

ಹುಡುಕಾಟ ಶುರುವಾಗಿ ವರ್ಷ ತುಂಬುತ್ತ ಬಂದಿತ್ತು. ಒಂದು ಮಧ್ಯಾಹ್ನ ಫೋನ್ ಮಾಡಿ, "ಜಲ್ದಿ ಬರ್ರಿ" ಎಂದರು. ಯಾವಾಗಲೂ ಜಲ್ದಿ ಮಾಡಬ್ಯಾಡ್ರಿ ಎನ್ನುವವರು ಅವಸರ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕ್ಲಾಸು ಬಿಟ್ಟು ಓಡಿದೆ. ಅವರ ಕೈಯಲ್ಲಿ ಒಂದು ಗಿಡ್ಡ ಪಟ್ಟಿ ಇತ್ತು, ರೀಲಿನ ಶುರುವಿನ ತುಂಡು. ಇಷ್ಟು ದಿನ ಒಂದರಿಂದ ಮೂವತ್ತಾರರ ತನಕ ಹುಡುಕಿದ್ದರು. ಒಂದಕ್ಕಿಂತ ಮೊದಲು ಏನಾದರೂ ಇರಬಹುದೆಂದು ಹೊಳೆದಿರಲಿಲ್ಲ. ಚಹಾದಾಕೆಯನ್ನು ಸರಿಸಿದ ಆ ಅಮಾವಾಸ್ಯೆ ಅವರು ಮಂಟಪದ ಎದುರೇ ಹೊಸ ರೀಲು ಹಾಕಿದ್ದರು. ವಾಡಿಕೆಯಂತೆ ಮುಂದೇನಿದೆ ಎಂದು ನೋಡದೆ ಎರಡು ಸಲ ಒತ್ತಿದ್ದರು.

"ದೇವರಿಗೆ ಬಿಟ್ಟಿದ್ದು ಸಿಕ್ತ್ರಿ ಮೇಡಮ್ಮಾರ" ಎಂದರು. 

ಈಗ ಅದನ್ನು ಹಿಗ್ಗಿಸಿ ಕೊಡುವ ಲ್ಯಾಬು ಊರಲ್ಲಿ ಉಳಿದಿರಲಿಲ್ಲ. ಅವರೇ ಆ ಪಟ್ಟಿಯನ್ನು ಬೆಳಕಿನ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿ, ಮೂರು ದಿನ ಕೂತು ಮಾಡಿದರು. ಕಟ್ಟು ಹಾಕಿಸಿದರು. ಅಮಾವಾಸ್ಯೆ ಬರುವ ತನಕ ಕಾದು, ಕ್ಯಾಲೆಂಡರಿನ ಕಪ್ಪು ಚುಕ್ಕೆಗೆ ಸುತ್ತು ಹಾಕಿ, ಊರಿನ ಹೆಸರಿನ ಜಾಗದಲ್ಲಿ 'ಮನಿ' ಎಂದು ಬರೆದರು.

ಕಡ್ಡಿರಾಂಪುರದ ಕಡೆ ಆಕೆಯ ಈಗಿನ ಮನೆಗೆ ನಾವು ಮೂವರೂ ಆಟೋದಲ್ಲಿ ಹೋದೆವು. ಆಕೆ ಫೋಟೊವನ್ನು ಸೆರಗಿನಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದಳು. ಎಡಗಡೆ ಅರ್ಧ ಬೆಳಕು ಬಡಿದು ಕೆಂಪಗೆ, ಬೆಳ್ಳಗೆ ಸುಟ್ಟುಹೋಗಿತ್ತು. ಬಲಗಡೆ ಕಂಬ, ಕಂಬಕ್ಕೆ ಕಟ್ಟಿದ ನೀಲಿ ತಾಡಪಾಲು, ಗೂಟಕ್ಕೆ ತೂಗುಹಾಕಿದ ಚೀಲ, ಒಳಗೆ ಕತ್ತಲಲ್ಲಿ ಹೊಳೆಯುವ ಪಾತ್ರೆಗಳ ಸಾಲು. ಮುಂದೆ ಸ್ಟೋವು ಎತ್ತಿಕೊಂಡ ಆಕೆ. ಹಾಸಿಗೆ ಸುರುಳಿ ಹಿಡಿದ ಅತ್ತೆ. ಅಂಚಿನಲ್ಲಿ, ಹಗ್ಗದ ಬಟ್ಟೆ ಎಳೆಯುತ್ತಿರುವ ನಾನು.

"ಅತ್ತೀ..." ಎಂದಳು. ಆಮೇಲೆ, "ಇವರು ನೀವಲ್ರಿ ಮೇಡಮ್ಮ?" ಎಂದು ನನ್ನನ್ನು ನೋಡಿದಳು. ಹೌದೆಂದೆ. ತಪ್ಪಾಯಿತು ಎಂದೂ ಹೇಳಿದೆ. ಆಕೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಫೋಟೊದೊಳಗೇ ಇದ್ದಳು.

ಏಳೆಂಟು ವರ್ಷದ ಮೊಮ್ಮಗಳು ಕತ್ತು ತೂರಿಸಿ ನೋಡಿತು. ಮನೆ ಇದ್ದದ್ದು ಈಗ ನಂಬಿಕೆಯಾಗಿತ್ತು, ಬೇರೆ ಅನುಮಾನ ಶುರುವಾಗಿತ್ತು. "ಅಜ್ಜೀ, ಸಾಮಾನೆಲ್ಲ ಹೊತ್ಕೊಂಡು ಹೊರಗ ಬಂದೀರಲ್ಲ. ಇದಽ ದಿನ ಏನು ಮನಿ ಬಿಟ್ಟಿದ್ದು?"

ಅವರು ಗೋಡೆಗೆ ಒರಗಿ ನಿಂತಿದ್ದರು. ಮಗುವಿನ ಪ್ರಶ್ನೆಗೆ ತಲೆ ತಗ್ಗಿಸಿದರು.

"ಇಲ್ಲವ್ವಾ" ಎಂದಳು ಅಜ್ಜಿ. "ಅವತ್ತು ಫೋಟೊ ಮುಗಿದ ಮ್ಯಾಲ ತಿರುಗಿ ಒಳಗ ಹೋದ್ವಿ. ಅತ್ತಿ ಹಾಸಿಗಿ ಹಾಸಿದ್ಲು. ಚಾ ಆರಿತ್ತು, ಮತ್ತ ಕಾಸಿದ್ನಿ."

ಅವರು ಹೆಗಲ ಮೇಲಿನ ಟವೆಲಿನಿಂದ ಕನ್ನಡಕ ಒರೆಸಿಕೊಂಡರು, ಕಣ್ಣು ಒರೆಸಿಕೊಂಡರು, ಮತ್ತೆ ಕನ್ನಡಕ ಒರೆಸಿಕೊಂಡರು. ಅಕ್ಕ ಅವರ ಕೈ ಹಿಡಿದುಕೊಂಡರು. ಮಂದಿಯ ಎದುರಿಗೆ ಹಾಗೆ ಕೈ ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಹಾ ಆದ ಮೇಲೆ ಆಕೆಯೇ ಕೇಳಿದಳು. "ಈ ಮನೀದೂ ಒಂದು ತೆಗೀರಿ ಸರಾ." ಅವರು ಕ್ಯಾಮೆರಾ ಕೈಗೆತ್ತಿಕೊಂಡದ್ದೇ ತಡ, ಆಕೆ ಎದ್ದು ಗಡಬಡಿಸಿ ಬಾಗಿಲ ಮುಂದಿನ ಬಕೆಟ್ಟು, ಪೊರಕೆ ಎತ್ತತೊಡಗಿದಳು. ಮೊಮ್ಮಗಳಿಗೆ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಹೇಳಿದಳು. ಫೋಟೊ ಎಂದರೆ ಹೀಗೆ ಎಂದು ಆಕೆಗೆ ಕಲಿಸಿದವರು ನಾವೇ.

"ಇರಲಿ ಬಿಡವ್ವ" ಎಂದರು ಅವರು. "ಬಕೆಟ್ಟು ಅಲ್ಲೇ ಇಡು. ಬಟ್ಟಿ ಇರಲಿ. ಯಾರೂ ಸರೀಬ್ಯಾಡ್ರಿ."

ಹಾಗೆ ಹೇಳಿ ತಾವೇ ಹಿಂದೆ ಸರಿದರು. ಎಲ್ಲವೂ ಹಿಡಿಸಲಿಲ್ಲ, ಇನ್ನೂ ಸರಿದರು. ಮೊಣಕಾಲು ನೋವಿನ ಮನುಷ್ಯ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಅಂಗಳ ದಾಟಿದರು, ರಸ್ತೆ ದಾಟಿದರು, ಆಚೆಯ ಜಾಲಿಯ ಪೊದೆಗೆ ಬೆನ್ನು ತಾಗುವ ತನಕ ಹೋದರು. ಮುಳ್ಳು ಅಂಗಿಗೆ ಚುಚ್ಚಿಕೊಂಡಿತು. ಬಕೆಟ್ಟು, ಪೊರಕೆ, ಹಸಿಬಟ್ಟೆ, ಅಜ್ಜಿ, ಮೊಮ್ಮಗಳು, ಅಜ್ಜಿಯ ತೊಡೆಯ ಮೇಲಿನ ಫೋಟೊದೊಳಗಿನ ಹಳೇ ಮನೆ, ಎಲ್ಲ ಒಳಗೆ ಬಂದಿತೆಂದು ಖಾತ್ರಿಯಾದ ಮೇಲೆ ಅಲ್ಲಿಂದಲೇ ಕ್ಲಿಕ್ ಮಾಡಿದರು.